ನೆಗಡಿ ಬಂತೂಂತ ಮೂಗು ಕೊಯ್ಕೋಬಹುದಾ?

ಮಕ್ಕಳಿಬ್ಬರೂ ಕಾಲೇಜು ಅಂತ ಮನೆ ಬಿಟ್ಟ ವರ್ಷ ನಾನೊಂದು ಹುಚ್ಚುತನ ಮಾಡಿದೆ. ಎರಡೇ ಸೀಟಿನ, ಬಟ್ಟೆಯ ಟಾಪಿನ, ಕೆಂಪು ಬಣ್ಣದ 1992ರ ಮಾಜ್ದಾ ಮಿಯಾಟಾ ಕೊಂಡೆ. ಸೆಕೆಂಡ್ ಹ್ಯಾಂಡ್ ಅಂತ ಹೇಳೋಕಾಗಲ್ಲ, ಎಷ್ಟು ಕೈ ದಾಟಿ ಬಂದಿತ್ತೋ. 1.6 ಲೀಟರಿನ ಪುಟ್ಟ ಎಂಜಿನ್, ಸ್ವಿಚ್ ಒತ್ತಿದರೆ ಕಪ್ಪೆ ಕಣ್ಣು ಬಿಟ್ಟ ಹಾಗೆ ಮೇಲೇಳುವ ಹೆಡ್‌ಲೈಟು. "ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ?" ಅಂದ್ರು ನಮ್ಮನೆಯವರು. ಈ ವಯಸ್ಸಲ್ಲದೆ ಇನ್ಯಾವಾಗ ಅಂತ ನಾನೂ ಕೇಳಿದೆ. ನಾವಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ವರ್ಷದಲ್ಲಿ ಹೆಚ್ಚಿನ ದಿನ ಟಾಪ್ ಮಡಚಿಟ್ಟು ಓಡಾಡಬಹುದು.

ಕಳೆದ ಬೇಸಿಗೆಯಲ್ಲಿ ಅಪ್ಪ ಬೆಂಗಳೂರಿಂದ ಬಂದಿದ್ರು. ಎಪ್ಪತ್ತೆಂಟು ವಯಸ್ಸು, ಜೇಬಲ್ಲಿ ಸದಾ ಇನ್‌ಹೇಲರ್. ಒಂದು ಶನಿವಾರ "ಬಾ ಅಪ್ಪ, ಸಮುದ್ರ ತೋರಿಸ್ತೀನಿ" ಅಂತ ಪಕ್ಕದ ಸೀಟಲ್ಲಿ ಕೂರಿಸ್ಕೊಂಡು ಸಾಂತಾ ಕ್ರೂಜ್‌ಗೆ ಹೊರಟೆ. ಅಲ್ಲಿಗೆ ಹೋಗೋಕೆ ಹೈವೇ 17ರಲ್ಲಿ ಬೆಟ್ಟ ಹತ್ತಿ ಇಳೀಬೇಕು. ಗೊತ್ತಿದ್ದವರಿಗೆ ಗೊತ್ತು ಅದೆಂಥಾ ರಸ್ತೆ ಅಂತ: ಹಾವಿನ ಹಾಗೆ ತಿರುವು, ಪಕ್ಕದಲ್ಲಿ ನಿಲ್ಲಿಸೋಕೆ ಹೆಚ್ಚು ಕಡೆ ಜಾಗವೇ ಇಲ್ಲ, ಹಿಂದೆ ಮುಂದೆ ಅವಸರದ ಜನ.

ಲಾಸ್ ಗ್ಯಾಟೋಸ್ ದಾಟಿ ಏರು ಶುರುವಾಯ್ತು ನೋಡಿ, ಕಾರು ಎಳೆಯೋದೇ ನಿಲ್ಲಿಸ್ತು. ಆಕ್ಸಿಲರೇಟರ್ ಪೂರ್ತಿ ಒತ್ತಿದ್ರೂ ಎಂಜಿನ್ ಮೂರು ಸಾವಿರ ಸುತ್ತು ದಾಟ್ತಿಲ್ಲ. ಅರವತ್ತು ಮೈಲಿ ವೇಗ ಐವತ್ತಾಯ್ತು, ನಲವತ್ತಾಯ್ತು, ಮೂವತ್ತಕ್ಕೆ ಬಂತು. ಹಿಂದೆ ಒಂದು ದೊಡ್ಡ ಟ್ರಕ್ ಹಾರ್ನ್ ಹೊಡೀತಾ ಇದೆ. ಕಾಲ ಕೆಳಗಿನ ನೆಲ ಬೇರೆ ಬಿಸಿಬಿಸಿ, ಕೊಳೆತ ಮೊಟ್ಟೆ ವಾಸನೆ. ನನ್ನ ಕೈ ನಡುಗ್ತಾ ಇತ್ತು. ಅಪ್ಪ ಮಾತ್ರ ಕಿವಿಗೊಟ್ಟು ಕೇಳಿಸ್ಕೊಂಡು ತಣ್ಣಗೆ ಹೇಳಿದ್ರು: "ನಮ್ಮ ಸ್ಕೂಟರ್ ಸೈಲೆನ್ಸರ್ ಕಟ್ಕೊಂಡಾಗ ಹೀಗೇ ಆಗ್ತಿತ್ತು ಕಣೆ. ಇದಕ್ಕೆ ಉಸಿರು ಬಿಡೋಕಾಗ್ತಿಲ್ಲ."

ಹೇಗೋ ಬಲಗಡೆಯ ಲೇನಿನಲ್ಲಿ ತೆವಳಿಕೊಂಡು ಹೋಗಿ ಮೊದಲು ಸಿಕ್ಕ ಅಡ್ಡರಸ್ತೆಗೆ ತಿರುಗಿಸಿದೆ. ಟೋಯಿಂಗ್ ಗಾಡಿ ಕರೆಸಿ ಮನೆ ಸೇರಿದ್ದಾಯ್ತು. ಸಮುದ್ರ ನೋಡಲಿಲ್ಲ.

ಅಪ್ಪ ಹೇಳಿದ್ದು ಹೆಚ್ಚೂಕಡಿಮೆ ಸರಿಯೇ ಇತ್ತು. ಕಟ್ಟಿಕೊಂಡಿದ್ದು ಸೈಲೆನ್ಸರ್ ಅಲ್ಲ, ಅದಕ್ಕೂ ಮುಂಚೆ ಬರುವ ಕೆಟಲಿಟಿಕ್ ಕನ್ವರ್ಟರ್. ಇದೇನು ಅಂತ ಅಡುಗೆಮನೆ ಭಾಷೆಯಲ್ಲಿ ಹೇಳಿಬಿಡ್ತೀನಿ. ಸ್ಟೀಲ್ ಡಬ್ಬಿ, ಅದರೊಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕಂಡಿಗಳಿರುವ ಪಿಂಗಾಣಿ ಇಟ್ಟಿಗೆ. ಆ ಕಂಡಿಗಳ ಗೋಡೆಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಂಬ ದುಬಾರಿ ಲೋಹಗಳ ತೆಳು ಲೇಪ. ಎಂಜಿನ್ನಿಂದ ಬಂದ ಹೊಗೆ ಈ ಕಂಡಿಗಳಲ್ಲಿ ನುಗ್ಗಿ ಹೋಗುವಾಗ ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಮತ್ತು ಅರೆಬೆಂದ ಪೆಟ್ರೋಲು ಇಂಗಾಲದ ಡೈಆಕ್ಸೈಡ್ ಹಾಗೂ ನೀರಾವಿಯಾಗ್ತವೆ. ನೈಟ್ರೋಜನ್ ಆಕ್ಸೈಡುಗಳು ಮಾಮೂಲಿ ನೈಟ್ರೋಜನ್ ಆಗ್ತವೆ. ಕೆಲಸ ಮಾಡಬೇಕಾದ್ರೆ ಅದು ಚೆನ್ನಾಗಿ ಕಾದಿರಬೇಕು. ಸಾಮಾನ್ಯವಾಗಿ 400ರಿಂದ 800 ಡಿಗ್ರಿ ಸೆಲ್ಸಿಯಸ್. ಆ ಕಂಡಿಗಳು ಮುಚ್ಚಿಹೋದರೆ ಹೊಗೆ ಹೊರಗೆ ಹೋಗಲ್ಲ. ಹಳೇ ಹೊಗೆ ಹೋಗದಿದ್ದರೆ ಹೊಸ ಗಾಳಿ ಎಂಜಿನ್ನಿಗೆ ಬರಲ್ಲ. ಉಸಿರು ಬಿಡದೆ ಎಳ್ಕೊಳ್ಳೋದು ಹೇಗೆ?

ಮೊದಲು ತೋರಿಸಿದ ಗ್ಯಾರೇಜಿನವನು ಕನ್ವರ್ಟರಿನ ಮುಂದಿನ ಬೋಲ್ಟುಗಳನ್ನು ಸಡಿಲ ಮಾಡಿ ಎಂಜಿನ್ ಏರಿಸಿ ತೋರಿಸಿದ. ಅಬ್ಬಾ, ಆರು ಸಾವಿರ ಸುತ್ತಿಗೆ ಒಂದೇ ಏಟಿಗೆ! "ನೋಡಿ ಮೇಡಂ, ಇದನ್ನ ತೆಗೆದು ಖಾಲಿ ಪೈಪ್ ಹಾಕಿದ್ರೆ ಹೀಗಿರುತ್ತೆ. 150 ಡಾಲರ್, ಅರ್ಧ ಗಂಟೆ ಕೆಲಸ. ಎರಡು ವರ್ಷಕ್ಕೊಮ್ಮೆ ಸ್ಮಾಗ್ ಟೆಸ್ಟಿಗೆ ಹೋಗುವಾಗ ಏನಾದ್ರೂ ಸಿಕ್ಕಿಸ್ಕೊಂಡು ಹೋಗಿ" ಅಂದ. ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬದ್ಧವಾಗಿ ಹೊಸ ಕನ್ವರ್ಟರ್ ಹಾಕಿಸೋಕೆ ಅವನು ಹೇಳಿದ ಲೆಕ್ಕ ಸಾವಿರ ಡಾಲರಿಗೆ ಹತ್ತಿರ. ನಾನು ಕಾರು ಕೊಂಡಿದ್ದೇ ನಾಲ್ಕು ಸಾವಿರಕ್ಕೆ.

ಮಗನಿಗೆ ಫೋನ್ ಮಾಡಿದ್ರೆ ಅವನದೂ ಅದೇ ರಾಗ. "ಅಮ್ಮಾ, ಎಷ್ಟೋ ಜನ ತೆಗೆಸ್ತಾರೆ. ಸೌಂಡೂ ಚೆನ್ನಾಗಿರುತ್ತೆ. ನಿನ್ನ ಕಾರು ತಿಂಗಳಿಗೆ ನೂರು ಮೈಲಿ ಓಡಿದ್ರೆ ಹೆಚ್ಚು, ಅದರಿಂದ ಪ್ರಪಂಚ ಮುಳುಗುತ್ತಾ?" ಸುಳ್ಳು ಯಾಕೆ ಹೇಳಲಿ, ನನಗೂ ಆಸೆ ಆಯ್ತು. ಆ ಎಂಜಿನ್ ಏರಿದ ಸದ್ದು ಕಿವಿಯಲ್ಲೇ ಇತ್ತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಹತ್ರ ಹೇಳಿದೆ. ಅವರು ಅನ್ನಕ್ಕೆ ಸಾರು ಕಲಸ್ತಾ ಒಂದೇ ಪ್ರಶ್ನೆ ಕೇಳಿದ್ರು. "ಅದು ಕಟ್ಕೊಂಡಿದ್ದು ಯಾಕೇಂತ ಕೇಳಿದ್ಯಾ ಅವನನ್ನ?"

ಕೇಳಿರಲಿಲ್ಲ.

"ನಮ್ಮ ಸ್ಕೂಟರ್ ಸೈಲೆನ್ಸರನ್ನ ಮೆಕ್ಯಾನಿಕ್ಕು ಬೆಂಕಿಗೆ ಹಿಡಿದು ಒಳಗಿನ ಕರಿ ಎಲ್ಲಾ ಸುಟ್ಟು ತೆಗೀತಿದ್ದ. ತಿಂಗಳು ಕಳೀತು, ಮತ್ತೆ ಕಟ್ಕೊಳ್ತು. ಆಮೇಲೆ ನೋಡಿದ್ರೆ ನಾನು ಪೆಟ್ರೋಲಿಗೆ ಆಯಿಲ್ ಜಾಸ್ತಿ ಹಾಕಿಸ್ತಿದ್ದೆ. ತಪ್ಪು ಸೈಲೆನ್ಸರಿಂದಲ್ಲ."

ಮಾರನೇ ವಾರ ಇನ್ನೊಬ್ಬ ಹಳೇ ಮೆಕ್ಯಾನಿಕ್ ಹತ್ರ ಹೋದೆ. ಅವರು ಮೊದಲು ಮಾಡಿದ ಕೆಲಸ, ಕನ್ವರ್ಟರಿಗಿಂತ ಮುಂಚೆ ಇರುವ ಆಕ್ಸಿಜನ್ ಸೆನ್ಸರನ್ನು ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಸಿಕ್ಕಿಸಿದ್ದು. ಎಂಜಿನ್ ಸುಮ್ಮನೆ ನಿಂತು ಓಡುವಾಗ ಒತ್ತಡ ಒಂದೂವರೆ ಪಿಎಸ್‌ಐ ಮೀರಬಾರದು, 2,500 ಸುತ್ತಿಗೆ ಏರಿಸಿದಾಗಲೂ ಮೂರರ ಒಳಗೇ ಇರಬೇಕು ಅಂದ್ರು. ನನ್ನ ಕಾರಿನದು ಎಂಟು ದಾಟಿತು. ಅಂದರೆ ಅನುಮಾನವೇ ಇಲ್ಲ, ಕಟ್ಟಿಕೊಂಡಿದೆ. ಅಲ್ಲಿಗೇ ನಿಲ್ಲಿಸದೆ ಸ್ಪಾರ್ಕ್ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ತೆಗೆದು ನೋಡಿದ್ರು. ಒಂದು ವೈರಿನ ರಬ್ಬರ್ ಬಿರಿದು, ಕಿಡಿ ಪ್ಲಗ್ಗಿಗೆ ಹೋಗುವ ಬದಲು ಪಕ್ಕದ ಲೋಹಕ್ಕೆ ಹಾರುತ್ತಿತ್ತು.

ಕಿಡಿ ಬೀಳದಿದ್ದರೆ ಆ ಸಿಲಿಂಡರಿನ ಪೆಟ್ರೋಲು ಉರಿಯಲ್ಲ. ಉರಿಯದೆ ಹಸಿಹಸಿಯಾಗಿ ಹೋಗಿ ಕಾದ ಕನ್ವರ್ಟರಿನೊಳಗೆ ಬೀಳುತ್ತೆ, ಅಲ್ಲಿ ಹೊತ್ತಿಕೊಳ್ಳುತ್ತೆ. ಶಾಖ ಮಿತಿ ಮೀರಿ ಪಿಂಗಾಣಿ ಜೇನುಗೂಡೇ ಕರಗಿ ಮುದ್ದೆಯಾಗುತ್ತೆ. ಆರು ತಿಂಗಳಿಂದ ಸಿಗ್ನಲ್ಲಿನಲ್ಲಿ ನಿಂತಾಗ ಕಾರು ಸಣ್ಣಗೆ ನಡುಗುತ್ತಿದ್ದದ್ದು ನನಗೆ ಗೊತ್ತಿತ್ತು. "ವಯಸ್ಸಾದ ಗಾಡಿ, ಕೆಮ್ಮುತ್ತೆ ಬಿಡು" ಅಂತ ಸುಮ್ಮನಿದ್ದೆ. ಅರವತ್ತು ಡಾಲರಿನ ವೈರ್ ಸೆಟ್ ಹಾಕಿಸೋಕೆ ಸೋಮಾರಿತನ ಮಾಡಿ ಸಾವಿರ ಡಾಲರಿನ ಸಾಮಾನು ಸುಟ್ಟುಕೊಂಡೆ. ಕಾರಣ ಹುಡುಕದೆ ಹೊಸದನ್ನೇ ಹಾಕಿಸಿದ್ದಿದ್ದರೆ ಅದೂ ಕೆಲವೇ ತಿಂಗಳಲ್ಲಿ ಹಾಳಾಗ್ತಿತ್ತು.

ಖಾಲಿ ಪೈಪಿನ ಆಸೆಯನ್ನೂ ಅವರ ಮುಂದೆ ಹೇಳಿಕೊಂಡೆ. ನಕ್ಕರು. "ನೀವು ಹೋಲಿಸ್ತಿರೋದು ಕಟ್ಟಿಹೋದ ಕನ್ವರ್ಟರನ್ನ ಖಾಲಿ ಪೈಪಿನ ಜೊತೆ. ಹೊಸ ಕನ್ವರ್ಟರ್ ಹಾಕಿ ಹೋಲಿಸಿ ನೋಡಿ, ನಿಮ್ಮ ಕಾಲಿಗೆ ವ್ಯತ್ಯಾಸವೇ ಗೊತ್ತಾಗಲ್ಲ" ಅಂದ್ರು. ಸತ್ಯವಾದ ಮಾತು. ನೆಗಡಿಯಿಂದ ಮೂಗು ಕಟ್ಟಿದವನಿಗೆ ಮೂಗೇ ಇಲ್ಲದಿದ್ರೆ ಎಷ್ಟು ಹಾಯಾಗಿ ಉಸಿರಾಡಬಹುದು ಅಂತ ಅನ್ನಿಸಿದ ಹಾಗೆ ನನ್ನ ಕಥೆ.

ಕಾನೂನೂ ಇದೆ. ಅಮೆರಿಕದ ಶುದ್ಧ ಗಾಳಿ ಕಾಯ್ದೆಯ ಪ್ರಕಾರ ರಸ್ತೆಯಲ್ಲಿ ಓಡುವ ಕಾರಿನಿಂದ ಕನ್ವರ್ಟರ್ ಕಿತ್ತುಹಾಕೋದು ಅಪರಾಧ. ಗ್ಯಾರೇಜಿನವನಿಗೂ, ಕಾರಿನ ಯಜಮಾನರಿಗೂ. ಒಳಗಿನ ಜೇನುಗೂಡನ್ನು ಕಬ್ಬಿಣದ ಸಲಾಕೆಯಲ್ಲಿ ಕುಟ್ಟಿ ಪುಡಿ ಮಾಡಿ ಖಾಲಿ ಡಬ್ಬಿಯನ್ನು ಹಾಗೇ ಬಿಡುವವರೂ ಇದ್ದಾರೆ. ಹೊರಗಿಂದ ನೋಡೋಕೆ ಎಲ್ಲಾ ಸರಿ. ಆದರೆ ನಮ್ಮ ಕಡೆ ಇಂಥ ಹಳೇ ಕಾರುಗಳನ್ನು ಉರುಳೆಗಳ ಮೇಲೆ ಓಡಿಸಿ ಹೊಗೆ ಕೊಳವೆಯಿಂದಲೇ ಅಳೀತಾರೆ, ಅಲ್ಲಿ ಸಿಕ್ಕಿಬೀಳ್ತಾರೆ. ನಮ್ಮೂರ ಕಡೆ ಕಿವಿ ಕಿತ್ತುಹೋಗುವ ಬೈಕ್ ಸೈಲೆನ್ಸರುಗಳನ್ನು ಪೊಲೀಸರು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ ಫೋಟೋಗಳನ್ನು ಪೇಪರಿನಲ್ಲಿ ನೋಡಿದ್ದೀರಲ್ಲ, ಹುಡುಗರ ಆಸೆ ಎಲ್ಲ ಕಡೆ ಒಂದೇ.

ಆದರೆ ನಾನು ಮನಸ್ಸು ಬದಲಾಯಿಸಿದ್ದು ದಂಡಕ್ಕೆ ಹೆದರಿ ಅಲ್ಲ. ಅದಕ್ಕೆ ಕಾರಣ ಒಂದು ಟವೆಲ್ಲು.

ನಾನು ಚಿಕ್ಕವಳಿದ್ದಾಗ ಅಪ್ಪ ವಿಜಯನಗರದಿಂದ ಮೆಜೆಸ್ಟಿಕ್ ದಾಟಿ ಶಿವಾಜಿನಗರದ ಆಫೀಸಿಗೆ ದಿನಾ ಟೂ-ಸ್ಟ್ರೋಕ್ ಸ್ಕೂಟರಿನಲ್ಲಿ ಹೋಗಿ ಬರ್ತಿದ್ರು. ಸಂಜೆ ಮುಖ ತೊಳೆದು ಒರೆಸಿಕೊಂಡ್ರೆ ಬಿಳೀ ಟವೆಲ್ ಮೇಲೆ ಕಪ್ಪು. ಅಮ್ಮ ಅದನ್ನ ಬೇರೆಯಾಗಿಯೇ ನೆನೆಸಿಡ್ತಿದ್ಳು. ಆಗ ಪೆಟ್ರೋಲಿನಲ್ಲಿ ಸೀಸವೂ ಇರ್ತಿತ್ತು. ಸೀಸ ಇದ್ದರೆ ಕನ್ವರ್ಟರ್ ಸತ್ತುಹೋಗುತ್ತೆ, ಅದರ ಲೋಹದ ಮೇಲೆ ಸೀಸ ಕೂತುಬಿಡುತ್ತೆ. ಅಮೆರಿಕದಲ್ಲಿ 1975ರ ಮಾಡೆಲ್ಲಿನಿಂದಲೇ ಹೆಚ್ಚಿನ ಕಾರುಗಳಿಗೆ ಕನ್ವರ್ಟರ್ ಬಂತು, ಜೊತೆಗೇ ಸೀಸವಿಲ್ಲದ ಪೆಟ್ರೋಲೂ ಬಂತು. ನಮ್ಮ ದೇಶದಲ್ಲಿ 1995ರ ಏಪ್ರಿಲ್ 1ರಿಂದ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾಯ್ತು, ಅದೂ ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈ ಈ ನಾಲ್ಕು ಊರುಗಳಲ್ಲಿ ಮಾತ್ರ. ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ದೇಶಕ್ಕೆಲ್ಲಾ ಸೀಸವಿಲ್ಲದ ಪೆಟ್ರೋಲ್ ಸಿಕ್ಕಿದ್ದು 2000ದ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಅಪ್ಪ ಇಪ್ಪತ್ತೈದು ವರ್ಷ ಆ ದಾರಿಯಲ್ಲಿ ಓಡಾಡಿ ಆಗಿತ್ತು. ಅಪ್ಪನ ಉಬ್ಬಸಕ್ಕೆ ಹೊಗೆಯೇ ಕಾರಣ ಅಂತ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ, ನಾನೂ ಹೇಳಲ್ಲ. ಆದ್ರೆ ಆ ಟವೆಲ್ ನಾನು ನೋಡಿದ್ದೀನಿ.

ಇಲ್ಲಿನವರೂ ಸುಮ್ಮನೆ ಒಳ್ಳೆಯವರಾಗಲಿಲ್ಲ. 1943ರ ಜುಲೈನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಣ್ಣುರಿಯುವ ಹೊಗೆ ಕವಿದಾಗ ಜನ ಜಪಾನಿನವರು ವಿಷದ ಗಾಳಿ ಬಿಟ್ಟಿದ್ದಾರೆ ಅಂತ ಹೆದರಿದ್ದರಂತೆ. ಅದು ಕಾರು, ಕಾರ್ಖಾನೆಗಳ ಹೊಗೆಯೇ ಬಿಸಿಲಲ್ಲಿ ಬೆಂದು ಆಗುವ ಓಜೋನಿನ ಕಾಟ ಅಂತ ಆಮೇಲೆ ತೋರಿಸಿಕೊಟ್ಟವರು ಆರೀ ಹಾಗೆನ್-ಸ್ಮಿತ್. ಕ್ಯಾಲ್ಟೆಕ್‌ನಲ್ಲಿ ಅನಾನಸ್ ಹಣ್ಣಿನ ಪರಿಮಳ ಎಲ್ಲಿಂದ ಬರುತ್ತೆ ಅಂತ ಸಂಶೋಧನೆ ಮಾಡ್ತಿದ್ದವರು ಅವರು! ಮುಂದೆ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಗೆ ಮೊದಲ ಅಧ್ಯಕ್ಷರಾದ್ರು. ಈಗ ನಾನು ಟಾಪ್ ತೆಗೆದು ಹಾಯಾಗಿ ಓಡಾಡುವ ಗಾಳಿ ಅವರೆಲ್ಲ ಹಠ ಹಿಡಿದಿದ್ದರಿಂದ ಸಿಕ್ಕಿದ್ದು. ನನ್ನ ನೂರು ಮೈಲಿಯಿಂದ ಪ್ರಪಂಚ ಮುಳುಗಲ್ಲ, ನಿಜ. ಆದರೆ ಹೊಗೆ ಬೀಳೋದು ನನ್ನ ಹಿಂದೆ ಬರುವವರ ಮೂಗಿಗೆ. ಮನೆ ಮುಂದೆ ಸ್ಟಾರ್ಟ್ ಮಾಡಿದರೆ ವರಾಂಡದಲ್ಲಿ ಕೂತ ಅಪ್ಪನ ಮೂಗಿಗೆ.

ಸರಿ, ಹೊಸದೇ ಹಾಕಿಸಿದೆ. ಅದರಲ್ಲೂ ಒಂದು ಎಚ್ಚರಿಕೆ ಬೇಕು. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುವ ಎಷ್ಟೋ ಕನ್ವರ್ಟರುಗಳು ಬೇರೆ ರಾಜ್ಯಗಳಿಗೆ ನಡೆಯುತ್ತವೆ, ಕ್ಯಾಲಿಫೋರ್ನಿಯಾಕ್ಕೆ ನಡೆಯಲ್ಲ. ಇಲ್ಲಿಗೆ ಬೇಕಾದದ್ದರ ಮೇಲೆ ಮಂಡಳಿಯ ಒಪ್ಪಿಗೆ ಸಂಖ್ಯೆ ಕೊರೆದಿರಬೇಕು, ಅದು ನಿಮ್ಮ ಕಾರಿನ ವರ್ಷ ಮತ್ತು ಎಂಜಿನ್ನಿಗೆ ಹೊಂದಬೇಕು. ಟೆಸ್ಟಿನವರು ಟಾರ್ಚ್ ಹಿಡಿದು ಓದ್ತಾರೆ. ಹಳೇದನ್ನ ಬಿಚ್ಚೋದೇ ದೊಡ್ಡ ಸಾಹಸವಾಯ್ತು. ಮೂವತ್ತು ವರ್ಷದ ತುಕ್ಕು; ಹಿಂದಿನ ದಿನವೇ ಎಣ್ಣೆ ಬಿಟ್ಟು ನೆನೆಸಿ, ಮಾರನೇ ದಿನ ಬೆಂಕಿಯಲ್ಲಿ ಕಾಯಿಸಿ ತೆಗೆದ್ರು. ಎರಡು ಬೋಲ್ಟ್ ಆದ್ರೂ ಮುರಿದವು. ಹಳೇ ಡಬ್ಬಿಯ ಒಂದು ಕಡೆಯಿಂದ ಟಾರ್ಚ್ ಬಿಟ್ರೆ ಇನ್ನೊಂದು ಕಡೆ ಬೆಳಕೇ ಬರಲಿಲ್ಲ. ಒಳಗೆ ಪಾಕ ಮಿತಿಮೀರಿ ಗಟ್ಟಿಯಾದ ಮೈಸೂರುಪಾಕಿನ ಹಾಗೆ ಒಂದು ಬೂದುಬಣ್ಣದ ಗಟ್ಟಿ. ಅಪ್ಪ ಅದನ್ನ ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದ್ರು.

ಹೊಸ ಪ್ಲಗ್ಗು, ಹೊಸ ವೈರು, ಹೊಸ ಗ್ಯಾಸ್ಕೆಟ್ಟು. ಗೇಜು ಒಂದಕ್ಕಿಂತ ಕೆಳಗೆ ನಿಂತಿತು. ಸ್ಮಾಗ್ ಟೆಸ್ಟಿನ ಚೀಟಿಯಲ್ಲಿ ಮೂರೂ ಸಾಲು ಪಾಸ್.

ಹಳೇ ಕಾರು ಇಟ್ಟುಕೊಂಡಿರುವ ಓದುಗರಿಗೆ ನನ್ನ ಸಾವಿರ ಡಾಲರಿನ ಪಾಠ ಪುಕ್ಕಟೆ: ಕಾರು ನಿಂತಲ್ಲಿ ನಡುಗಿದರೆ ಅಲಕ್ಷ್ಯ ಮಾಡಬೇಡಿ. ಏರಿನಲ್ಲಿ ಎಳೆಯದಿದ್ದರೆ, ಕಾಲಡಿ ಬಿಸಿಯಾದರೆ, ಮೊಟ್ಟೆ ವಾಸನೆ ಬಂದರೆ ದೂರದ ಪ್ರಯಾಣ ಹೊರಡಬೇಡಿ. ಅಂಥ ಕಾರನ್ನು ಒಣ ಹುಲ್ಲಿನ ಮೇಲಂತೂ ನಿಲ್ಲಿಸಲೇಬೇಡಿ, ಬೆಂಕಿ ಹತ್ತುತ್ತೆ. ಎಂಜಿನ್ ಆಯಿಲ್ ಕುಡೀತಿದ್ಯಾ ಅಂತ ಆಗಾಗ ನೋಡಿ, ಸುಟ್ಟ ಆಯಿಲ್ ಕೂಡ ಆ ಕಂಡಿಗಳನ್ನು ಹಾಳುಮಾಡುತ್ತೆ. ಮತ್ತೆ ಯಾರಾದ್ರೂ "ತೆಗೆದುಬಿಡಿ" ಅಂದ್ರೆ, ಕಟ್ಕೊಂಡಿದ್ದು ಯಾಕೇಂತ ಮೊದಲು ಕೇಳಿ.

ಅಪ್ಪ ಊರಿಗೆ ಹೊರಡೋಕೆ ನಾಲ್ಕು ದಿನ ಮುಂಚೆ ಮತ್ತೆ ಹೈವೇ 17 ಹತ್ತಿದ್ವಿ. ಟಾಪ್ ತೆಗೆದಿತ್ತು, ಅಪ್ಪನ ತಲೆಗೆ ಮಂಕಿ ಕ್ಯಾಪು. ಆ ಟ್ರಕ್ ಹಾರ್ನ್ ಹೊಡೆದ ತಿರುವಿನಲ್ಲಿ ನಾನು ಉಸಿರು ಬಿಗಿಹಿಡಿದು ಆಕ್ಸಿಲರೇಟರ್ ಒತ್ತಿದೆ. ಕಾರು ಸರ್ರಂತ ಹತ್ತಿತು. ಅಪ್ಪ ನನ್ನ ಕಡೆ ತಿರುಗಿ, "ಇನ್ನಾದ್ರೂ ನೀನೂ ಉಸಿರು ಬಿಡು" ಅಂದ್ರು.

ಸಾಂತಾ ಕ್ರೂಜ್ ಸಮುದ್ರ ತಣ್ಣಗಿತ್ತು. ಅಪ್ಪ ಪ್ಯಾಂಟ್ ಮಡಚಿಕೊಂಡು ಪಾದ ಮುಳುಗುವಷ್ಟು ನೀರಲ್ಲಿ ಅರ್ಧ ಗಂಟೆ ನಿಂತಿದ್ರು.