ಪಾಠದ ಗಂಟಿಗೊಂದು ಗುರುತು

ಹತ್ತು ಡಬ್ಬಿಗಳನ್ನು ಒಂದೇ ಸಾಲಿನಲ್ಲಿಟ್ಟ ಗೃಹಿಣಿಗೆ ಯಾವುದರಲ್ಲಿ ಅಲಸಂದಿ, ಯಾವುದರಲ್ಲಿ ಮಡಿಕೆ ಎಂಬುದು ಮುಚ್ಚಳ ತೆಗೆಯದೆಯೇ ತಿಳಿದಿರುವದು. ಆದರೆ ಆಕೆ ನಾಲ್ಕು ದಿನ ತವರಿಗೆ ಹೋದಳೆಂದರೆ ಮನೆಯವರು ಒಂದೊಂದಾಗಿ ಎಲ್ಲ ಡಬ್ಬಿಗಳನ್ನೂ ತೆರೆದು ನೋಡಬೇಕಾಗುವದು. ಇಂದಿನ ಶಾಲಾಗುರುಗಳು ತಮ್ಮ ಮೊಬೈಲಿನಲ್ಲಿ ಕೂಡಿಡುತ್ತಿರುವ ಪಾಠಗಳ ಗತಿಯೂ ಇದೇ ಆಗಿರುವದು. ಇಟ್ಟವರಿಗೆ ತಿಳಿಯುವದು, ಬೇಕಾದವರಿಗೆ ಸಿಗದು.

೨೦೨೦ರಲ್ಲಿ ಮಹಾಮಾರಿಯ ದೆಸೆಯಿಂದ ಶಾಲೆಗಳು ಮುಚ್ಚಿದಾಗ, ಗುಡಿಯ ಕಟ್ಟೆಯ ಮೇಲೂ ಗಿಡದ ನೆರಳಿನಲ್ಲಿಯೂ ಮಕ್ಕಳನ್ನು ಕೂಡ್ರಿಸಿ ಕಲಿಸುವ ‘ವಿದ್ಯಾಗಮ’ವೆಂಬ ಏರ್ಪಾಡನ್ನು ಸರಕಾರದವರು ಮಾಡಿದ್ದು ವಾಚಕರಿಗೆ ನೆನಪಿರಬಹುದು. ಅಂದು ಮೊಬೈಲನ್ನು ಕೈಗೆತ್ತಿಕೊಂಡ ಗುರುಗಳಲ್ಲಿ ಅನೇಕರು ಇಂದಿಗೂ ಅದನ್ನು ಬಿಟ್ಟಿಲ್ಲ. ಮಗ್ಗಿಯ ಹಾಡು, ಕಾಗುಣಿತದ ಆಟ, ನಿಂಬೆಹಣ್ಣಿನ ರಸದಿಂದ ಬರೆದ ಗುಪ್ತ ಅಕ್ಷರ ಬಿಸಿ ತಾಗಿದೊಡನೆ ಮೂಡುವ ಪ್ರಯೋಗ, ಹೀಗೆ ಎಷ್ಟೋ ಒಳ್ಳೆಯ ಸಂಗತಿಗಳನ್ನು ಅವರು ಜಾಲತಾಣಗಳಲ್ಲಿ ಹಾಕುತ್ತಿರುವರು. ಹಾಕಿದ ಮೇಲೆ ಅವು ರಾಶಿಯಲ್ಲಿ ಬಿದ್ದು ಹೋಗುವವು.

ಇದರಿಂದ ಯಾರಿಗೆ ನಷ್ಟವೆಂದು ಕೇಳಬಹುದು. ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿಯ ಕಡೆಯ ಹಳ್ಳಿ-ತಾಂಡಾಗಳಿಂದ ವರ್ಷದಲ್ಲಿ ಕೆಲವು ತಿಂಗಳು ಗೋವೆಯ ಕಟ್ಟಡದ ಕೆಲಸಕ್ಕೋ, ಮಹಾರಾಷ್ಟ್ರದ ಕಬ್ಬು ಕಡಿಯುವದಕ್ಕೋ ಹೋಗುವ ಕುಟುಂಬಗಳುಂಟು. ಕೆಲವರು ಮಕ್ಕಳನ್ನು ಅಜ್ಜಿಯ ಬಳಿ ಬಿಡುವರು. ಕೆಲವರು ಬೆನ್ನಿಗೆ ಕಟ್ಟಿಕೊಂಡೇ ನಡೆಯುವರು. ಹೀಗೆ ಹೋದ ಮಗುವಿಗೆ ಆ ತಿಂಗಳುಗಳಲ್ಲಿ ತನ್ನೂರ ಶಾಲೆಯೆಂದರೆ ತಾಯಿಯ ಮೊಬೈಲಿನಲ್ಲಿ ಕಾಣುವ ಗುರುಗಳ ಮುಖವೊಂದೇ. ದುಡಿದು ಬಂದ ತಾಯಿಯು ರಾತ್ರಿ ಅದನ್ನು ತೆರೆದು, “ಲೆಕ್ಕದ ಪಾಠ ಎಲ್ಲಿದೆಯೋ ಮಗಾ” ಎಂದು ಹುಡುಕುವಳು. ಆಕೆಗೆ ಅಕ್ಷರ ಬಾರದು. ಮಗುವಿಗೆ ಇನ್ನೂ ಬಂದಿಲ್ಲ. ಮುಖಚಿತ್ರದ ವಿಚಾರವು ಅಲಂಕಾರದ ವಿಚಾರವೆಂದು ತಿಳಿದವರು ಈ ತಾಯಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು.

ಈ ಜಾಲದ ಪರಿಚಯವಿಲ್ಲದ ಹಿರಿಯರಿಗಾಗಿ ಒಂದು ಮಾತು. ಇನ್‌ಸ್ಟಾಗ್ರಾಂ ಎಂಬಲ್ಲಿ ‘ಸ್ಟೋರಿ’ಯೆಂದು ಹಾಕಿದ್ದು ೨೪ ತಾಸಿನಲ್ಲಿ ಮರೆಯಾಗುವದು. ಅವುಗಳಲ್ಲಿ ಉಳಿಯತಕ್ಕವನ್ನು ಆರಿಸಿ ಗಂಟುಕಟ್ಟಿ, ತಮ್ಮ ಪುಟದ ಮೇಲ್ಭಾಗದಲ್ಲಿ ಸಾಲಾಗಿ ಇಡುವ ‘ಹೈಲೈಟ್’ ಎಂಬ ಸೌಕರ್ಯವು ೨೦೧೭ರ ಕೊನೆಗೆ ಬಂದಿತು. ಒಂದೊಂದು ಗಂಟಿಗೆ ಒಂದೊಂದು ದುಂಡನೆಯ ಮುಖಚಿತ್ರ. ನಾವಾಗಿ ಚಿತ್ರವನ್ನು ಕೊಡದಿದ್ದರೆ ಒಳಗಿರುವ ಯಾವುದೋ ಒಂದು ಚಿತ್ರವೇ ಮುಖಚಿತ್ರವಾಗಿ ಕೂಡ್ರುವದು. ಅರ್ಧ ಕರಿಹಲಗೆ, ಕಾಲು ಕಿಟಕಿ, ಯಾರದೋ ಮೊಣಕೈ! ಯೂಟ್ಯೂಬಿನ ಪಾಠಮಾಲೆ, ಪಿಂಟರೆಸ್ಟಿನ ಹಲಗೆ, ವಾಟ್ಸಾಪ್ ಗುಂಪು ಇವೆಲ್ಲಕ್ಕೂ ಇಂಥದೇ ಒಂದೊಂದು ಮುಖವಿರುವದು.

ಎಲ್ಲ ಮುಖಗಳೂ ಒಂದಕ್ಕೊಂದು ಒಪ್ಪಬೇಕೆನ್ನುವದರ ಅರ್ಥವೇನು? ೧೯೫೧-೫೨ರ ಪ್ರಥಮ ಮಹಾಚುನಾವಣೆಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುವದು. ಆಗ ಅಭ್ಯರ್ಥಿಗೊಂದು ಪ್ರತ್ಯೇಕ ಪೆಟ್ಟಿಗೆಯಿತ್ತು. ಪೆಟ್ಟಿಗೆಯ ಮೇಲಿನ ಗುರುತು ಮಾತ್ರ ಬೇರೆ: ಒಂದಕ್ಕೆ ನೊಗ ಹೊತ್ತ ಜೋಡೆತ್ತು, ಒಂದಕ್ಕೆ ಗಿಡ, ಒಂದಕ್ಕೆ ಗುಡಿಸಲು. ಓದುಬರಹವಿಲ್ಲದ ಕೋಟ್ಯವಧಿ ಜನರು ಆ ಗುರುತನ್ನೇ ನೋಡಿ ತಮ್ಮ ಮತವನ್ನು ಹಾಕಿದರು. ಸಮಾನವಾಗಿರುವದು ‘ಇದು ಇಂಥವರದು’ ಎಂದು ಹೇಳುವದು. ಭಿನ್ನವಾಗಿರುವದು ‘ಒಳಗೆ ಇಂಥದಿದೆ’ ಎಂದು ಹೇಳುವದು. ಎಲ್ಲವೂ ಸಮಾನವಾದರೆ ಗೊಂದಲ. ಎಲ್ಲವೂ ಭಿನ್ನವಾದರೆ ಸಂತೆ.

ನಮ್ಮ ಸರಕಾರಿ ಶಾಲೆಗಳಲ್ಲಿ ಕಲಿಸಿದ ಗುರುಗಳಿಗೆ ಇದು ಹೊಸದೂ ಅಲ್ಲ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊಳೆತು, ೨೦೦೯-೧೦ರ ಸುಮಾರಿಗೆ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ ‘ನಲಿ-ಕಲಿ’ ಪದ್ಧತಿಯಲ್ಲಿ ಮಗುವು ಗೋಡೆಯ ಮೇಲಿನ ಕಲಿಕೆಯ ಏಣಿಯನ್ನು ನೋಡಿ, ತನ್ನ ಮೆಟ್ಟಿಲಿನ ಚಿತ್ರವನ್ನು ಗುರುತಿಸಿ, ಅದೇ ಚಿತ್ರವುಳ್ಳ ಕಾರ್ಡನ್ನು ತಾನೇ ಎತ್ತಿಕೊಳ್ಳುವದು. ಓದಲು ಬಾರದ ಆರು ವರುಷದ ಕೂಸು ಚಿತ್ರದ ಬಲದಿಂದ ತನ್ನ ಪಾಠವನ್ನು ತಾನೇ ಹುಡುಕುವದು. ಕಾರ್ಡಿನ ಮೇಲೆ ಮಾಡಿದ್ದನ್ನು ಮೊಬೈಲಿನ ಮೇಲೆ ಮಾಡುವದಷ್ಟೇ ಉಳಿದ ಕೆಲಸ. ಒಂದನೆಯ ಇಯತ್ತೆಯ ಗುರುಗಳು ನಲಿ-ಕಲಿಯಲ್ಲಿ ಮಗುವಿಗೆ ರೂಢಿಯಾದ ಚಿತ್ರವನ್ನೇ ಇಲ್ಲಿಯೂ ಬಳಸಿದರೆ ಅದಕ್ಕಿಂತ ಉತ್ತಮವಾದುದಿಲ್ಲ.

ಇನ್ನು ಬರೆಯುವ ಬಗೆ. ಪೇಟೆಯ ಮಾದರಿಗಳು ಕ್ಯಾನ್ವಾ ಮೊದಲಾದ ಕಡೆಗಳಲ್ಲಿ ಸಾವಿರಗಟ್ಟಲೆ ಸಿಗುವವು. ಶಾಲೆಯ ಶಿಕ್ಷಕರೆಂದು ರುಜುವಾತು ಕೊಟ್ಟವರಿಗೆ ಅದರ ಶಿಕ್ಷಣ ವಿಭಾಗವು ಉಚಿತವೂ ಹೌದು. ಆದರೆ ಅಲ್ಲಿಯ ಸೇಬು, ಗೂಬೆ, ಚೌಕ ಟೊಪ್ಪಿಗೆಗಳು ನಮ್ಮ ಮಕ್ಕಳಿಗೆ ಏನನ್ನೂ ಹೇಳವು. ಗೂಬೆಯು ಪರದೇಶದಲ್ಲಿ ಜ್ಞಾನದ ಗುರುತಾಗಿರಬಹುದು. ನಮ್ಮ ಹಳ್ಳಿಯಲ್ಲಿ ಗೂಬೆ ಕೂತ ಮನೆಯನ್ನು ಜನರು ಹೇಗೆ ನೋಡುವರೆಂಬುದನ್ನು ನಾನು ಬರೆಯಬೇಕಾಗಿಲ್ಲ. ಆದುದರಿಂದ ಮಾದರಿಗಾಗಿ ದೂರ ಹೋಗದೆ ಮನೆಯ ಸಂದೂಕವನ್ನು ತೆರೆಯಿರಿ. ಅಲ್ಲಿ ಅಜ್ಜಿಯ ಕಸೂತಿ ಹಾಕಿದ ಇಳಕಲ್ಲ ಸೀರೆ ಇದ್ದೀತು.

ಕಸೂತಿಯನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ಬಟ್ಟೆಯ ಮೇಲೆ ಚಿತ್ರವನ್ನು ಬರೆದುಕೊಳ್ಳದೆ, ಎಳೆಗಳನ್ನು ಎಣಿಸುತ್ತಲೇ ಹೊಲಿಯುವದು ಅದರ ರೀತಿ. ಗವಂತಿಯೆಂಬ ಹೊಲಿಗೆ ಹೋದ ದಾರಿಯಲ್ಲಿಯೇ ಹಿಂದಿರುಗಿ ಗೆರೆಯನ್ನು ತುಂಬುವದು, ಮುರಗಿಯು ಮೆಟ್ಟಿಲು ಮೆಟ್ಟಿಲಾಗಿ ಏರುವದು, ನೇಗೆಯು ನೇಯ್ದಂತೆ ಕಾಣುವದು, ಮೆಂತೆಯು ದಾಟುಹೊಲಿಗೆ. ಗೋಪುರ, ತೇರು, ಅಂಬಾರಿಯ ಆನೆ, ತುಳಸಿಕಟ್ಟೆ, ಯಾವುದನ್ನೇ ತೆಗೆದುಕೊಂಡರೂ ಎಳೆಯ ಲೆಕ್ಕ ಒಂದೇ, ನೂಲಿನ ದಪ್ಪ ಒಂದೇ, ಹಿಂದಿನ ಬಟ್ಟೆ ಒಂದೇ. ಆದುದರಿಂದಲೇ ಆನೆಯೂ ತುಳಸಿಕಟ್ಟೆಯೂ ಒಂದೇ ಸೆರಗಿನಲ್ಲಿ ಜಗಳವಾಡದೆ ಇರುವವು. ನಮಗೆ ಬೇಕಾದ ಒಪ್ಪವು ಇದೇ ಆಗಿರುವದು.

ಚೌಕಳಿಯ ಲೆಕ್ಕದ ಪುಸ್ತಕವೊಂದನ್ನು ತೆಗೆದುಕೊಳ್ಳಿರಿ. ಉದ್ದಗಲ ಇಪ್ಪತ್ತಿಪ್ಪತ್ತು ಮನೆಗಳ ಚೌಕವನ್ನು ಹಾಕಿ, ಅದರೊಳಗೆ ಮುಟ್ಟುವಂತೆ ಒಂದು ವರ್ತುಲವನ್ನು ಎಳೆಯಿರಿ. ವರ್ತುಲದ ಅಂಚಿನಿಂದ ಮೂರು ಮನೆ ಬಿಟ್ಟು ಒಳಗೆ ಮಾತ್ರ ಬರೆಯಬೇಕು. ಲೆಕ್ಕಕ್ಕೆ ಮಣಿಚೌಕಟ್ಟು, ಕನ್ನಡಕ್ಕೆ ಪಾಟಿ, ಪರಿಸರಕ್ಕೆ ಜೋಳದ ತೆನೆ, ಕತೆಗೆ ಗಿಳಿ, ಊರಿನ ವಿಷಯಕ್ಕೆ ಕೊಲ್ಹಾರದ ಮೊಸರಿನ ಗಡಿಗೆ, ಪಾಲಕರಿಗೆ ತಿಳಿಸುವ ಮಾತಿಗೆ ಶಾಲೆಯ ಗಂಟೆ. ಐದಾರು ಸಾಕು, ಹನ್ನೆರಡಾದರೆ ಪರದೆಯ ಹೊರಗೆ ಹೋಗಿ ಯಾರ ಕಣ್ಣಿಗೂ ಬೀಳವು. ಈ ಕೆಲಸವನ್ನು ಗುರುಗಳೇ ಮಾಡಬೇಕೆಂದಿಲ್ಲ. ಐದನೆಯ ಇಯತ್ತೆಯ ಮಕ್ಕಳ ಮುಂದೆ ಚೌಕಳಿಯ ಹಾಳೆಯನ್ನು ಹರಡಿದರೆ ಅವರು ನಮಗಿಂತ ಚೊಕ್ಕಟವಾಗಿ ಮಾಡಿಕೊಡುವರು. ಎಣಿಕೆ, ಸಮಮಿತಿ, ವಿಸ್ತೀರ್ಣಗಳ ಪಾಠವೂ ಅದರೊಡನೆಯೇ ಆಗಿ ಹೋಗುವದು.

ಗುರುತನ್ನು ಆರಿಸುವಾಗ ವಸ್ತುವಿನ ಹಿರಿಮೆಗೆ ಮರುಳಾಗಬಾರದು. ಗೋಲಗುಮ್ಮಟವನ್ನು ಉಗುರಿನಷ್ಟು ಚಿಕ್ಕದಾಗಿ ಬರೆದರೂ ವಿಜಯಪುರದ ಮಗು ಗುರುತಿಸುವದು; ಚೌಕದ ಮೇಲೊಂದು ಗುಮ್ಮಟ, ಮೂಲೆಗೆ ಮಿನಾರುಗಳು, ಅಷ್ಟೇ. ಆದರೆ ಆಲಮಟ್ಟಿಯ ಆಣೆಕಟ್ಟು ೨೬ ಬಾಗಿಲುಗಳ ಘನವಾದ ಕಟ್ಟಡವಾದರೂ ಚಿಕ್ಕದಾದೊಡನೆ ಬಾಚಣಿಗೆಯಾಗುವದು. ಬಸವಣ್ಣನವರು ಹುಟ್ಟಿದ ಊರಿನ ಶಾಲೆಯಲ್ಲಿ ಅವರ ಭಾವಚಿತ್ರವನ್ನೇ ಎಲ್ಲ ಗಂಟುಗಳ ಮೇಲೆ ಹಾಕಬೇಕೆಂಬ ಆಸೆ ಸಹಜವಾದುದೇ. ನನ್ನ ಅಭಿಪ್ರಾಯವು ಬೇರೆ. ಭಾವಚಿತ್ರವು ವರ್ಗದ ಗೋಡೆಯ ಮೇಲೆ ಗೌರವದಿಂದಿರಲಿ. ಭಾಗಾಕಾರದ ಮುಚ್ಚಳಕ್ಕೆ ಬೇಡ. ವಚನಗಳ ಗಂಟಿಗೆ ತಾಳೆಗರಿಯ ಕಟ್ಟನ್ನು ಬರೆಯಬಹುದು. ಫ. ಗು. ಹಳಕಟ್ಟಿಯವರು ಅಂಥ ಕಟ್ಟುಗಳನ್ನು ಹುಡುಕಿ ತಂದು, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದವರು, ೧೯೨೫ರಲ್ಲಿ ವಿಜಯಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ನಡೆಯಿಸಿದವರು. ಆ ಗರಿಯ ಗುರುತೇ ಮಕ್ಕಳಿಗೆ ಒಂದು ಕತೆಯಾಗುವದು.

ಬಣ್ಣದ ವಿಷಯದಲ್ಲಿ ಜಿಪುಣತನವೇ ಗುಣ. ಎರೆಮಣ್ಣಿನ ಕಪ್ಪು ಹಿಂದಕ್ಕೆ, ಅದರ ಮೇಲೆ ಕುಸುಬೆಯ ಹೂವಿನ ಕೇಸರಿ ಇಲ್ಲವೆ ಜೋಳದ ಬಿಳುಪು; ಇದಕ್ಕಿಂತ ಹೆಚ್ಚು ಬೇಡ. ನಮ್ಮ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅಗ್ಗದ ಮೊಬೈಲನ್ನು ಹಿಡಿದು ನಿಂತವರಿಗೆ ತಿಳಿಗುಲಾಬಿಯ ಮೇಲಿನ ತಿಳಿನೀಲಿ ಕಾಣುವದೇ ಇಲ್ಲ. ಕೆಂಪು-ಹಸಿರಿನ ಭೇದ ಕಾಣದವರೂ ಸಮಾಜದಲ್ಲಿ ಇರುವದರಿಂದ ‘ಕೆಂಪು ಲೆಕ್ಕ, ಹಸಿರು ಕನ್ನಡ’ವೆಂದು ಬಣ್ಣ ಒಂದರ ಮೇಲೆಯೇ ನಂಬಿಕೆ ಇಡಬಾರದು.

ಚಿತ್ರದೊಳಗೆ ಅಕ್ಷರ ಬರೆಯುವ ಚಪಲವನ್ನು ಬಿಡುವದು ಲೇಸು. ಇಂಗ್ಲಿಷಿನ ಲಿಪಿಗೆ ಸಾಕಾಗುವ ಜಾಗದಲ್ಲಿ ಕನ್ನಡವು ಹಿಡಿಯದು. ನಮ್ಮ ಗುಡಿಸು ಮೇಲಕ್ಕೆ ಏರುವದು, ಒತ್ತಕ್ಷರವು ಕೆಳಕ್ಕೆ ಇಳಿಯುವದು, ವರ್ತುಲದ ಅಂಚು ಎರಡನ್ನೂ ಕತ್ತರಿಸುವದು. ಬೇಕೇ ಬೇಕೆಂದರೆ ಒತ್ತಿಲ್ಲದ ಒಂದೇ ಅಕ್ಷರವನ್ನು ದಪ್ಪವಾಗಿ ಬರೆಯಿರಿ. ಹೆಸರನ್ನು ಗಂಟಿನ ಕೆಳಗೆ ಕೊಡಲು ಬೇರೆ ಜಾಗವೇ ಇದೆ. ಅಲ್ಲಿಯೂ ‘ಲೆಕ್ಕ’ವೆಂದರೆ ಸಾಕು, ‘ಗಣಿತ ಕಲಿಕಾ ಚಟುವಟಿಕೆಗಳು’ ಎಂದು ಬರೆದರೆ ಅರ್ಧವು ನುಂಗಿಹೋಗುವದು. ಚಿತ್ರಗಳ ಮೇಲೆ ೧, ೨, ೩ ಎಂದು ಅಂಕಿಗಳನ್ನು ಹಾಕುವವರೂ ಉಂಟು. ಹೊಸದಾಗಿ ಪಾಠ ಸೇರಿಸಿದ ಗಂಟು ಇನ್‌ಸ್ಟಾಗ್ರಾಂನಲ್ಲಿ ತಾನಾಗಿ ಸಾಲಿನ ಮುಂದಕ್ಕೆ ಬರುವದರಿಂದ, ನಾಲ್ಕೇ ದಿನಗಳಲ್ಲಿ ೫, ೨, ೪, ೧ ಎಂದಾಗುವದು.

ಅಳತೆಗಳನ್ನು ಬೇಗನೆ ಹೇಳಿ ಮುಗಿಸುವೆನು. ಸ್ಟೋರಿಯ ಆಕಾರದ ಚಿತ್ರವು ೧೦೮೦ ಅಗಲ, ೧೯೨೦ ಎತ್ತರದ್ದು. ನಿಮ್ಮ ವರ್ತುಲವು ಅದರ ನಟ್ಟನಡುವೆ ಬರಲಿ. ಯೂಟ್ಯೂಬಿಗೆ ೧೨೮೦ಕ್ಕೆ ೭೨೦. ಅಲ್ಲಿ ಪಾಠದ ಕಾಲಾವಧಿಯು ಬಲಗಡೆಯ ಕೆಳಮೂಲೆಯಲ್ಲಿ ಅಚ್ಚಾಗುವದರಿಂದ ಆ ಮೂಲೆಯನ್ನು ಬರಿದಾಗಿ ಬಿಡಬೇಕು. ಪಿಂಟರೆಸ್ಟಿನಲ್ಲಿ ಮುಖಚಿತ್ರವನ್ನು ಹಲಗೆಯೊಳಗಿನ ಚಿತ್ರಗಳಿಂದಲೇ ಆರಿಸತಕ್ಕದ್ದಾದುದರಿಂದ ಮೊದಲು ಅದನ್ನು ಒಳಗೆ ಸೇರಿಸಬೇಕು. ಮಾಡಿದ್ದನ್ನು ಕೂಡಲೆ ಹಾಕದೆ, ಮೊಬೈಲನ್ನು ಕೈ ನೀಡಿ ದೂರ ಹಿಡಿದು, ಮನೆಯ ಹಿರಿಯರೊಬ್ಬರಿಗೆ ಕನ್ನಡಕವಿಲ್ಲದೆ ತೋರಿಸಿರಿ. “ಇದು ಏನವ್ವಾ?” ಎಂದು ಕೇಳಿದಾಗ ಅವರು ತಡೆದರೆ ಚಿತ್ರವನ್ನು ತಿದ್ದಬೇಕೆಂದೇ ಅರ್ಥ.

ಒಂದು ಮಾತನ್ನು ಮಾತ್ರ ಖಂಡಿತವಾಗಿ ಹೇಳಬೇಕಾಗಿದೆ. ಮುಖಚಿತ್ರಕ್ಕೆ ಮಕ್ಕಳ ಮುಖವನ್ನು ಬಳಸಬಾರದು. ಮುದ್ದಾದ ಹುಡುಗಿಯೊಬ್ಬಳು ಪಾಟಿ ಹಿಡಿದು ನಗುತ್ತಿದ್ದರೆ ಅದಕ್ಕಿಂತ ಸೊಗಸಾದ ಮುಖಚಿತ್ರವುಂಟೇ ಎಂದು ಗುರುಗಳಿಗೆ ಅನಿಸುವದು. ಆ ಭಾವನೆಯಲ್ಲಿ ಕೆಡುಕಿಲ್ಲ. ಆದರೆ ಪಾಠವನ್ನು ತೆರೆಯದವನೂ ಮುಖಚಿತ್ರವನ್ನು ನೋಡುವನು; ಆ ಮಗುವಿನ ಊರು, ಶಾಲೆ, ಸಮವಸ್ತ್ರ ಎಲ್ಲವೂ ಅಪರಿಚಿತನಿಗೆ ಒಮ್ಮೆಲೆ ತಿಳಿಯುವವು. ಅವಳು ದೊಡ್ಡವಳಾಗಿ ಬೇಡವೆಂದರೆ ಪ್ರತಿಗಳನ್ನು ಹಿಂದಕ್ಕೆ ತರುವವರು ಯಾರು? ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ೧೮ ವರುಷದೊಳಗಿನವರೆಲ್ಲರನ್ನೂ ಮಕ್ಕಳೆಂದೇ ಎಣಿಸಿ, ಅವರ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆಯನ್ನು ಬೇಡುವದು. ಮಗುವಿನ ಮುಖಕ್ಕೆ ಬದಲಾಗಿ ಮಗು ಬರೆದ ಗಿಳಿಯೇ ಇರಲಿ. ಗೋವೆಯಲ್ಲಿರುವ ತಾಯಿಗೆ “ಇದು ನಾ ತೆಗೆದ ಗಿಳಿ” ಎಂದು ತೋರಿಸುವ ಹೆಮ್ಮೆಯು ಅದರಿಂದ ಕಡಿಮೆಯಾಗದು.

ಕೊನೆಗೆ, ಪಾಲಕರೂ ಶಾಲಾ ಸಮಿತಿಯವರೂ ಕೇಳಿ ತಿಳಿದುಕೊಳ್ಳಬೇಕಾದ ಸಂಗತಿಯೊಂದುಂಟು. ಈ ಪಾಠಗಳು ಗುರುಗಳ ಸ್ವಂತ ಖಾತೆಯಲ್ಲಿವೆಯೋ, ಶಾಲೆಯ ಹೆಸರಿನ ಖಾತೆಯಲ್ಲಿವೆಯೋ? ಸರಕಾರಿ ಗುರುಗಳಿಗೆ ವರ್ಗವಾಗುವದು ತಪ್ಪಿದ್ದಲ್ಲ. ಸ್ವಂತ ಖಾತೆಯಾದರೆ ಅವರೊಡನೆ ಗಂಟುಗಳೂ ಹೊರಡುವವು. ಮಗುವು ರೂಢಿ ಮಾಡಿಕೊಂಡ ತೆನೆ, ಗಡಿಗೆ, ಗಂಟೆಗಳೂ ಹೋಗುವವು. ಶಾಲೆಯ ಹೆಸರಿನಲ್ಲಿ ಒಂದೇ ಖಾತೆಯನ್ನು ತೆರೆದು, ಅದರ ಗುಪ್ತಪದವನ್ನು ಮುಖ್ಯ ಗುರುಗಳ ಕಪಾಟಿನಲ್ಲಿ ಮುದ್ರೆಯ ಲಕ್ಕೋಟೆಯೊಳಗಿಡಬೇಕು. ಮಕ್ಕಳು ಬರೆದ ಚೌಕಳಿಯ ಹಾಳೆಗಳನ್ನೂ ಅಲ್ಲಿಯೇ, ಯಾವ ಗುರುತು ಯಾವ ವಿಷಯಕ್ಕೆಂದು ಬರೆದು, ದಾರದಿಂದ ಕಟ್ಟಿ ಇಟ್ಟರೆ, ಜೂನಿನಲ್ಲಿ ಬರುವ ಹೊಸ ಗುರುಗಳು ಏಳನೆಯ ಗುರುತನ್ನು ಅದೇ ಅಳತೆಯಲ್ಲಿ ಬರೆಯಿಸಿಕೊಳ್ಳಬಹುದು.