ರಾಣೆಬೆನ್ನೂರಿನ ಹುಲ್ಲಿಗೆ ಮರದ ಶಿಕ್ಷೆ

ಮೇ ತಿಂಗಳಲ್ಲಿ ಮೋಡ ಕಟ್ಟಿತೆಂದರೆ ಹುಬ್ಬಳ್ಳಿ-ಧಾರವಾಡದ ಕಾಲೇಜು ವಿದ್ಯಾರ್ಥಿಗಳಿಗೆ ಚಾರಣದ ನೆನಪಾಗುತ್ತದೆ. ರಾತ್ರಿ ಹೊರಟ ವಾಹನ ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳನ್ನು ಕತ್ತಲಲ್ಲೇ ದಾಟಿ, ಬೆಳಗಾಗುವ ಹೊತ್ತಿಗೆ ಅವರನ್ನು ಮುಳ್ಳಯ್ಯನಗಿರಿಯ ಬುಡದಲ್ಲಿ ಇಳಿಸುತ್ತದೆ. 1930 ಮೀಟರ್ ಎತ್ತರದ ಆ ಬೆಟ್ಟದ ಮೈಯೆಲ್ಲ ಹುಲ್ಲು. ಮೋಡ ಕೆಳಗಿಳಿದು ಹುಲ್ಲಿನ ಮೇಲೆ ಹಾಯ್ದು ಹೋಗುವಾಗ ಹರಟುತ್ತಿದ್ದವರೂ ಮೌನವಾಗುತ್ತಾರೆ. ಅಲ್ಲಿ ಮರಗಳಿಲ್ಲವೆಂದು ಯಾರೂ ಮರುಗುವುದಿಲ್ಲ. ಆದರೆ ಮರುದಿನ ಹಗಲು ಬೆಳಕಿನಲ್ಲಿ ಊರಿಗೆ ಹಿಂದಿರುಗುವಾಗ ಹೆದ್ದಾರಿಯ ಪಕ್ಕ ರಾಣೆಬೆನ್ನೂರಿನ ಬಯಲು ಕಂಡರೆ ಅದೇ ಬಾಯಿಂದ ಹೊರಡುವ ಮಾತು ಬೇರೆ: ಎಂಥ ಬಂಜರು ನೆಲ, ನೆರಳಿಗೆ ಒಂದು ಮರವೂ ಇಲ್ಲ!

ಎತ್ತರದಲ್ಲಿದ್ದರೆ ಹುಲ್ಲುಗಾವಲು, ಬಯಲಲ್ಲಿದ್ದರೆ ಬಂಜರು. ಈ ಪಂಕ್ತಿಭೇದವನ್ನು ವಿದ್ಯಾರ್ಥಿಗಳು ತಾವಾಗಿ ಕಲಿತದ್ದಲ್ಲ. ಸರಕಾರದ ಕಡತ, ಶಾಲೆಯ ಪಠ್ಯ, ಜೂನ್ 5ರ ಭಾಷಣ ಇವೆಲ್ಲ ಸೇರಿ ಕಲಿಸಿದ ಪಾಠವಿದು. ಮಲೆನಾಡಿನ ಪರಿಸರ ಸಂಘಟನೆಗಳೂ ಈ ಪಾಠವನ್ನು ಒಪ್ಪಿಸುವುದರಲ್ಲಿ ಹಿಂದೆ ಬಿದ್ದಿಲ್ಲ ಎಂಬುದನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ.

ಕುದುರೆಮುಖದ ಹೋರಾಟವನ್ನು ನೆನಪಿಸಿಕೊಳ್ಳಿ. ಗಣಿಯ ವಿರುದ್ಧ ಮಲೆನಾಡಿಗೆ ಮಲೆನಾಡೇ ಎದ್ದು ನಿಂತಾಗ, ಬೆಟ್ಟದ ನೆತ್ತಿಯ ಹುಲ್ಲೇ ಮಳೆ ನೀರನ್ನು ಹೀರಿ ಹಿಡಿದು ತುಂಗಾ, ಭದ್ರಾ, ನೇತ್ರಾವತಿಗಳಿಗೆ ಬೇಸಿಗೆಯಲ್ಲೂ ಉಣಿಸುತ್ತದೆ ಎಂಬ ಮಾತು ಊರೂರಿನಲ್ಲಿ ಕೇಳಿಬಂತು. ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ತೀರ್ಪು ನೀಡಿತು. 2005ರ ಕೊನೆಗೆ ಗಣಿ ನಿಂತಿತು. ಹುಲ್ಲಿಗೂ ಒಂದು ಬೆಲೆಯುಂಟೆಂದು ಈ ನಾಡಿನಲ್ಲಿ ಗಟ್ಟಿಯಾಗಿ ಸಾರಿದ ಹೋರಾಟವದು. ಅದೇ ತುಂಗೆ, ಅದೇ ಭದ್ರೆ ಕೂಡಲಿಯಲ್ಲಿ ಒಂದಾಗಿ ರಾಣೆಬೆನ್ನೂರು ತಾಲ್ಲೂಕಿನ ಅಂಚಿನಲ್ಲಿ ಹರಿದುಹೋಗುತ್ತವೆ. ಮೇಲಿನ ಹುಲ್ಲಿಗೆ ಹೋರಾಡಿದವರು ಕೆಳಗಿನ ಹುಲ್ಲನ್ನು ಕೇಳಲೇ ಇಲ್ಲ.

ಕೇಳಬೇಕೆಂದಿದ್ದರೆ ಒಂದು ದಿನದ ನಡಿಗೆ ಸಾಕು. ಕೃತ್ತಿಕಾ ಮಳೆಯ ಕಾಲ. ಎರಡು ಅಡ್ಡಮಳೆ ಬಿದ್ದು ಆಕಾಶ ಮುಚ್ಚಿಕೊಂಡ ದಿನ. ಬಯಲುಸೀಮೆಯ ಬಿಸಿಲಿಗೆ ಅಂಜುವ ಮಲೆನಾಡಿಗರೂ ಅಂಥ ದಿನ ಆರಾಮವಾಗಿ ನಡೆಯಬಹುದು. ಅರಣ್ಯ ಇಲಾಖೆಯ ಅನುಮತಿ ಪಡೆದು ಹುಲ್ಲತ್ತಿ, ಹುಣಸಿಕಟ್ಟಿಗಳ ಕಡೆ ಹೊರಟವರಿಗೆ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಎದುರಾಗುತ್ತದೆ. 1974ರಲ್ಲಿ ಘೋಷಣೆಯಾದ ಈ ಧಾಮದ ವಿಸ್ತೀರ್ಣ 119 ಚದರ ಕಿಲೋಮೀಟರ್. ತೆರೆದ ಜಾಗಗಳಲ್ಲಿ, ವಾರದ ಹಿಂದೆ ಒಣಗಿ ಬೂದಿ ಬಣ್ಣಕ್ಕೆ ತಿರುಗಿದ್ದ ಹುಲ್ಲಿನ ಬುಡದಲ್ಲಿ ಹಸಿರು ಮೂಡಿರುತ್ತದೆ. ಅಲ್ಲೊಂದು ಇಲ್ಲೊಂದು ಜಾಲಿ, ಬೋರೆ ಗಿಡ. ಗೌಜಲ ಹಕ್ಕಿ ಕೂಗುತ್ತದೆ. ನೆಲಗುಬ್ಬಿ ನೆಲದಿಂದ ನೆಟ್ಟಗೆ ಮೇಲೇರಿ ಹಾಡಿ ಮತ್ತೆ ನೆಲಕ್ಕೇ ಬೀಳುತ್ತದೆ. ದೂರದಲ್ಲಿ ಚಿಗರಿ ಹಿಂಡು ತಲೆಯೆತ್ತಿ ನೋಡುತ್ತದೆ. ಕೃಷ್ಣಮೃಗವೆಂಬುದು ಪುಸ್ತಕದ ಹೆಸರು. ಈ ಸೀಮೆಯ ಜನರಿಗೆ ಅದು ಚಿಗರಿಯೇ.

ಇನ್ನಷ್ಟು ದೂರ ನಡೆದರೆ ನೀಲಗಿರಿ ತೋಪು ಶುರುವಾಗುತ್ತದೆ. ಅಲ್ಲಿಗೆ ಹುಲ್ಲು ಮುಗಿಯಿತು, ಹಕ್ಕಿಯ ದನಿ ಮುಗಿಯಿತು. ಕಾಲಡಿಯಲ್ಲಿ ಕೊಳೆಯದೆ ಬಿದ್ದ ಎಣ್ಣೆ ಎಲೆಗಳ ರಾಶಿ, ಅದರಡಿಯಲ್ಲಿ ಬರಿ ಮಸಾರಿ ಮಣ್ಣು, ಮಳೆ ನೀರು ಕೊರೆದ ಸಣ್ಣ ಸಣ್ಣ ಕೊರಕಲು. ಇಲಾಖೆಯ ಲೆಕ್ಕದಲ್ಲಿ ಇದು ಹಸಿರು ಹೊದಿಕೆ. ಅದಕ್ಕಿಂತ ಮೊದಲಿದ್ದದ್ದು ಖಾಲಿ ಜಾಗ.

ಖಾಲಿ ಜಾಗವೆಂಬ ಈ ಮಾತಿನಲ್ಲೇ ಮೋಸವಿದೆ. ಮರ ತನ್ನ ಸಂಪತ್ತನ್ನು ಮೇಲೆ ತೋರಿಸುತ್ತದೆ, ಹುಲ್ಲು ಕೆಳಗೆ ಬಚ್ಚಿಡುತ್ತದೆ. ವ್ಯತ್ಯಾಸವಿರುವುದು ಇಷ್ಟೇ. ಬಹುವಾರ್ಷಿಕ ಹುಲ್ಲಿನ ಚಿಗುರುವ ಮೊಗ್ಗುಗಳು ನೆಲಮಟ್ಟದಲ್ಲಿ ಅಥವಾ ಮಣ್ಣಿನೊಳಗೆ ಇರುವುದರಿಂದ ದನ ಮೇಯ್ದರೂ, ಬಿಸಿಲಿಗೆ ಒಣಗಿದರೂ, ಬೆಂಕಿ ಹಾಯ್ದು ಹೋದರೂ ಗಡ್ಡೆ ಸಾಯುವುದಿಲ್ಲ. ಆಗುಂಬೆಯಲ್ಲಿ ಸುರಿಯುವ ಮಳೆಯ ಹತ್ತರಲ್ಲೊಂದು ಪಾಲಷ್ಟೇ ಕಾಣುವ ರಾಣೆಬೆನ್ನೂರಿನಂಥ ಸೀಮೆಯಲ್ಲಿ ಮಳೆ ಬರುವುದೂ ಬಿಡಿ ಬಿಡಿಯಾಗಿ. ಮಣ್ಣಿನ ಮೇಲ್ಪದರವನ್ನಷ್ಟೇ ತೋಯಿಸುವ ಅಂಥ ಸಣ್ಣ ಮಳೆಯನ್ನು ಹುಲ್ಲಿನ ಜಾಲಬೇರು ಅಂದೇ ಹಿಡಿದು ವಾರದೊಳಗೆ ಮೇವು ಮಾಡುತ್ತದೆ. ನೀಲಗಿರಿ ಆಳಕ್ಕೆ ಬೇರಿಳಿಸಿ, ವರ್ಷವಿಡೀ ಎಲೆ ಹೊತ್ತು, ಕೆಳಗಿನ ತೇವವನ್ನೂ ಎಳೆದು ಗಾಳಿಗೆ ಬಿಡುತ್ತದೆ. ಈ ಹುಲ್ಲುಗಳಿಗೆ ಬೇಕಾದದ್ದು ಪೂರ್ಣ ಬಿಸಿಲು. ನೆರಳು ದಟ್ಟವಾದೊಡನೆ ಅವು ಸೊರಗುತ್ತವೆ. ಇಂಗಾಲದ ಲೆಕ್ಕ ಒಪ್ಪಿಸುವವರು ಇನ್ನೊಂದು ವಿಷಯವನ್ನೂ ಹೇಳಬೇಕು. ಹುಲ್ಲುಗಾವಲಿನ ಇಂಗಾಲದ ಬಹುಪಾಲು ಮಣ್ಣಿನಲ್ಲಿದೆ, ಅದನ್ನು ಯಾರೂ ಕಡಿದು ಲಾರಿಗೆ ಹೇರಲಾರರು. ನೀಲಗಿರಿಯ ಇಂಗಾಲವಾದರೋ ಕೆಲವೇ ವರ್ಷಗಳಿಗೊಮ್ಮೆ ತಿರುಳಿನ ಕಾರ್ಖಾನೆಯ ದಾರಿ ಹಿಡಿಯುತ್ತದೆ. 2019ರಲ್ಲಿ ಜಗತ್ತಿನ ಎಲ್ಲೆಲ್ಲಿ ಮರ ನೆಡಬಹುದೆಂಬ ನಕ್ಷೆಯೊಂದು ಹೆಸರಾಂತ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದಾಗ, ಅದು ಹುಲ್ಲುಗಾವಲು-ಸವನ್ನಾಗಳನ್ನೂ ಖಾಲಿ ನಿವೇಶನದಂತೆ ಎಣಿಸಿದೆ ಎಂದು ಹಲವು ದೇಶಗಳ ವಿಜ್ಞಾನಿಗಳು ಅದೇ ವರ್ಷ, ಅದೇ ಪತ್ರಿಕೆಯಲ್ಲಿ ಪ್ರತಿಭಟಿಸಿದರು. ಆ ತಕರಾರಿನ ಸದ್ದು ಹಾವೇರಿಯ ಕಚೇರಿಗಳಿಗೆ ಇನ್ನೂ ತಲುಪಿದಂತಿಲ್ಲ.

ಚಿಗರಿಯ ಬದುಕು ನಿಂತಿರುವುದು ಎರಡರ ಮೇಲೆ: ದೂರ ನೋಡುವ ಕಣ್ಣು, ಓಡುವ ಕಾಲು. ಮರದ ಸಾಲುಗಳ ನಡುವೆ ಎರಡೂ ವ್ಯರ್ಥ. ತೋಪಿನಡಿ ಮೇವಿಲ್ಲ, ಹೊರಗೆ ರೈತನ ಗೋವಿನಜೋಳ, ಶೇಂಗಾ, ಜೋಳ ಕೈಬೀಸಿ ಕರೆಯುತ್ತವೆ. ಹೀಗಾಗಿ ಹಿಂಡು ಹೊಲಕ್ಕೆ ಇಳಿಯುತ್ತದೆ. ಬಿತ್ತಿದ ಬೆಳೆ ಮೊಳಕೆಯಲ್ಲೇ ಹೋದಾಗ ರೈತ ಶಪಿಸುವುದು ಚಿಗರಿಯನ್ನು. ಪರಿಸರವಾದಿ ಶಪಿಸುವುದು ರೈತನನ್ನು. ಇಬ್ಬರ ನಡುವೆ ಜಗಳ ಹಚ್ಚಿದ ನೀಲಗಿರಿ ತೋಪನ್ನು ಯಾರೂ ಕಟಕಟೆಗೆ ತರುವುದಿಲ್ಲ. ಇದೇ ಬಯಲಿನಲ್ಲಿ ಒಂದು ಕಾಲಕ್ಕೆ ಎರೆಭೂತವೂ ಇತ್ತು. ಎರೆ ಹೊಲದಲ್ಲಿ ಆಳೆತ್ತರಕ್ಕೆ ಹಠಾತ್ತನೆ ಎದ್ದು ಕಾಣುವ ಹಕ್ಕಿಗೆ ಜನ ಇಟ್ಟ ಆ ಹೆಸರು ಎಷ್ಟು ಚೆನ್ನಾಗಿದೆ! ಇಂದು ಕರ್ನಾಟಕದಲ್ಲಿ ಅದನ್ನು ಕಾಣಬೇಕಾದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಹೋಗಬೇಕು, ಅಲ್ಲಿಯೂ ಬೆರಳೆಣಿಕೆಯಷ್ಟೇ.

ಹುಲ್ಲಿನ ಲೆಕ್ಕ ಚಿಗರಿಗೆ ನಿಲ್ಲುವುದಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಕಂಬಳಿಗೆ ಹೆಸರಾದ ಊರು. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಕನಕದಾಸರ ಊರು. ಕುರುಬ ಸಮುದಾಯ ಇಂದಿಗೂ ಅಲ್ಲಿಗೆ ನಡೆದುಕೊಳ್ಳುತ್ತದೆ. ಕಂಬಳಿಯ ಹಿಂದೆ ಕುರಿ, ಕುರಿಯ ಹಿಂದೆ ಗಾಯರಾಣ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿ ಹಿಕ್ಕೆ-ಗಂಜಲ ಹಾಕಿಸಿಕೊಂಡು, ಪ್ರತಿಯಾಗಿ ಕಾಳು ಅಳೆದುಕೊಡುವ ಪದ್ಧತಿ ಈ ಸೀಮೆಯಲ್ಲೂ ಹಾನಗಲ್ಲಿನ ಭತ್ತದ ಗದ್ದೆಗಳಲ್ಲೂ ರೂಢಿಯಲ್ಲಿತ್ತು. 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನು ಕೊಂಡಾಡುವವರು, ಅದನ್ನು ಬೆಳೆದ ಹೊಲಗಳಿಗೆ ಗೊಬ್ಬರ ಎಲ್ಲಿಂದ ಬರುತ್ತಿತ್ತೆಂದು ಕೇಳುವುದಿಲ್ಲ. ನೂರು ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕೆಂದು ರಾಜ್ಯದ 1966ರ ಭೂಕಂದಾಯ ನಿಯಮಗಳೇ ಹೇಳುತ್ತವೆ. ಆದರೂ ಆಶ್ರಯ ಮನೆಗೆ, ವಿದ್ಯುತ್ ಉಪಕೇಂದ್ರಕ್ಕೆ, ಕೈಗಾರಿಕೆಗೆ ಜಾಗ ಬೇಕಾದಾಗ ಮೊದಲು ತೆರೆಯುವುದು ಗೋಮಾಳದ ಪಹಣಿ. ದೇಶದ ಪಾಳುಭೂಮಿ ನಕಾಶೆಗಳೂ ಹುಲ್ಲು-ಕುರುಚಲಿನ ನೆಲವನ್ನು ಪಾಳು ಎಂದೇ ಗುರುತಿಸುತ್ತ ಬಂದಿವೆ. ಪಾಳೆಂದು ಬರೆದ ಮೇಲೆ ಕಸಿದುಕೊಳ್ಳುವುದು ಸುಲಭ.

ಹಾವೇರಿಯ ನೆಲಕ್ಕೆ ಇದರ ವಿರುದ್ಧ ಎದ್ದ ಚರಿತ್ರೆಯೂ ಉಂಟು. 1984ರಲ್ಲಿ ಸರಕಾರವು ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೊಡನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಹುಟ್ಟುಹಾಕಿ, ಸುಮಾರು 75,000 ಎಕರೆ ಸಾರ್ವಜನಿಕ ಭೂಮಿಯನ್ನು ನೀಲಗಿರಿ ಬೆಳೆಸಲು ಒಪ್ಪಿಸಲು ಹೊರಟಿತು. ಶಿವರಾಮ ಕಾರಂತರು ಮತ್ತಿತರರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. 1991ರ ವೇಳೆಗೆ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಸಾಮುದಾಯಿಕ ಭೂಮಿ ಯಾರದೆಂಬ ಪ್ರಶ್ನೆಗೆ ಉತ್ತರ ಕೊಟ್ಟ ಚಳವಳಿ ಅದು; ಅದರ ದೊಡ್ಡತನಕ್ಕೆ ಕುಂದಿಲ್ಲ.

ಆದರೆ ಅದರ ವಾರಸುದಾರರು ಕಿತ್ತಿಕೋ ಎಂಬ ಅರ್ಧವನ್ನು ಮರೆತು ಹಚ್ಚಿಕೋ ಎಂಬ ಅರ್ಧವನ್ನೇ ಮಂತ್ರ ಮಾಡಿಕೊಂಡಿದ್ದಾರೆ. ಮಳೆ ಹೆಚ್ಚಿರುವ ಹಾನಗಲ್ಲಿನ ಸೆರಗಿನಲ್ಲಿ ಹಣ್ಣು-ಹಂಪಲಿನ ಗಿಡ ನೆಡುವುದು ವಿವೇಕ. ಅದೇ ಉತ್ಸಾಹದಲ್ಲಿ ರಾಣೆಬೆನ್ನೂರಿನ ಹುಲ್ಲಿನ ಬಯಲಿಗೆ ಬೀಜದುಂಡೆ ಎಸೆದು ಬರುವುದು ಅವಿವೇಕ. ನೀಲಗಿರಿಯ ಬದಲು ಬೇವು, ಹೊಂಗೆ ನೆಟ್ಟರೆ ಮಣ್ಣಿಗೆ ಹಾನಿ ಕಡಿಮೆ ಎನ್ನುವುದು ನಿಜ. ಆದರೆ ಚಿಗರಿಗೆ, ನೆಲದ ಮೇಲೆ ಮೊಟ್ಟೆಯಿಡುವ ನೆಲಗುಬ್ಬಿಗೆ, ಕುರಿ ಹಿಂಡಿಗೆ ಮುಚ್ಚಿದ ಬಯಲು ಮುಚ್ಚಿದ ಬಯಲೇ. ದೇಶೀ ಮರವೆಂಬ ಕಾರಣಕ್ಕೆ ನೆರಳು ಬೆಳಕಾಗುವುದಿಲ್ಲ. ‘ಅಭಯಾರಣ್ಯ’ ಎಂಬ ಹೆಸರೇ ಅರಣ್ಯವನ್ನು ಬೇಡುತ್ತದೆಂದು ತಿಳಿದವರೂ ಇದ್ದಾರೆ. ಹೆಸರಿಡುವಾಗ ಚಿಗರಿಯನ್ನು ಕೇಳಬೇಕಿತ್ತು.

ಮರ ನೆಟ್ಟಿದ್ದರಿಂದಲೇ ಈ ನೆಲ ಒತ್ತುವರಿಯಾಗದೆ ಉಳಿಯಿತು ಎಂಬ ವಾದವೊಂದಿದೆ. ಅದನ್ನು ತಳ್ಳಿಹಾಕುವಂತಿಲ್ಲ. ಬೇಲಿಯಿಲ್ಲದ, ಮರವಿಲ್ಲದ ಸರಕಾರಿ ಜಮೀನು ನೇಗಿಲಿಗೆ ಎಷ್ಟು ಬೇಗ ಸಿಗುತ್ತದೆಂದು ಹಳ್ಳಿಗರಿಗೆ ಗೊತ್ತು. ಹಾಗೆಂದು ಕಳ್ಳನಿಂದ ಕಾಪಾಡಲು ಮನೆಯನ್ನೇ ಕಲ್ಲು ತುಂಬಿ ಮುಚ್ಚುವುದು ಎಂಥ ಕಾವಲು? ಗಡಿಯಲ್ಲಿ ಕಂದಕ ತೋಡಬಹುದು, ಸರ್ವೆ ಕಲ್ಲು ನೆಡಬಹುದು, ಕಾವಲುಗಾರರನ್ನು ಹೆಚ್ಚಿಸಬಹುದು. ಮಿತಿಮೀರಿದ ಮೇಯಿಸುವಿಕೆಯಿಂದಲೂ ಹುಲ್ಲು ಸಾಯುತ್ತದೆ ಎಂಬುದೂ ಸತ್ಯ. ಅದಕ್ಕೆ ಸರದಿಯ ಮೇಯಿಸುವಿಕೆ ಮದ್ದೇ ಹೊರತು ಗುಂಡಿ ತೋಡುವುದಲ್ಲ. ಜೆಸಿಬಿಯಿಂದ ಒಮ್ಮೆ ಬುಡಮೇಲಾದ ಹಳೆಯ ಹುಲ್ಲಿನ ಗಡ್ಡೆ ಮತ್ತೆ ಕೂಡಿಕೊಳ್ಳಲು ದಶಕಗಳು ಬೇಕು.

2017ರಲ್ಲಿ ಕರ್ನಾಟಕ ಸರಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಹೊಸದು ಬೇಡವೆಂದರೆ ಹಳೆಯದು ತಾನಾಗಿ ಹೋಗದು. ನೀಲಗಿರಿ ಕಡಿದಷ್ಟೂ ಬುಡದಿಂದ ಮತ್ತೆ ಚಿಗುರುತ್ತದೆ. ಧಾಮದೊಳಗಿನ ತೋಪುಗಳನ್ನು ಒಂದೊಂದು ಕಡೆಯಿಂದ, ಬೊಡ್ಡೆಸಹಿತ ತೆಗೆದು, ಪಕ್ಕದ ಬಯಲಿನಲ್ಲೇ ಬೀಜ ಕಟ್ಟಿದ ಸ್ಥಳೀಯ ಹುಲ್ಲನ್ನು ಕೊಯ್ದು ಹರಡಿ, ಒಂದೆರಡು ಮಳೆಗಾಲ ಕಾಯಬೇಕು. ಬಳ್ಳಾರಿ ಜಾಲಿ ಆ ಜಾಗಕ್ಕೆ ನುಗ್ಗದಂತೆ ವರ್ಷ ವರ್ಷ ಕಿತ್ತುಹಾಕಬೇಕು. ಉದ್ಘಾಟನೆಗೆ, ಫೋಟೋಕ್ಕೆ ಒದಗದ ಕೆಲಸವಿದು; ಅದಕ್ಕೇ ಯಾರಿಗೂ ಬೇಡ. ತೋಪು ತೆಗೆದು ಬಂದ ಹಣ ಎಲ್ಲಿಗೆ ಹೋಗುತ್ತದೆ, ಬೆಳೆ ಕಳೆದುಕೊಂಡ ರೈತನಿಗೆ ಪರಿಹಾರ ಬಿತ್ತನೆಯ ಮುಂಚೆ ಸಿಗುತ್ತದೆಯೇ, ಕುರಿಗಾರರಿಗೆ ಧಾಮದ ಹೊರಗಿನ ಗಾಯರಾಣದಲ್ಲಿ ಹಕ್ಕು ಉಂಟೇ ಎಂಬ ಪ್ರಶ್ನೆಗಳನ್ನೂ ಜೊತೆಗೇ ಕೇಳಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಅರಣ್ಯಭೂಮಿಯಲ್ಲಿ ಮೇಯಿಸುವ ಹಕ್ಕನ್ನೂ, ಋತುವಿಗೆ ತಕ್ಕಂತೆ ಬಂದುಹೋಗುವ ಪಶುಪಾಲಕರ ಹಕ್ಕನ್ನೂ ಹೆಸರಿಟ್ಟು ಹೇಳುತ್ತದೆ. ಕುರಿಗಾರರ ಪರವಾಗಿ ಅರ್ಜಿ ಬರೆದುಕೊಡಲು ಕಾಲೇಜು ವಿದ್ಯಾರ್ಥಿಗಳಿಗಿಂತ ಯೋಗ್ಯರು ಯಾರು?

2024ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಚಾರಣಿಗರ ಜಾತ್ರೆಯೇ ನೆರೆದ ಮೇಲೆ ಸರಕಾರ ಚಾರಣಕ್ಕೆ ಆನ್‌ಲೈನ್ ನೋಂದಣಿ, ದಿನಕ್ಕಿಷ್ಟೇ ಜನ ಎಂಬ ಮಿತಿ ತಂದಿತು. ಎತ್ತರದ ಹುಲ್ಲಿಗೆ ಪ್ರೀತಿಯೇ ಭಾರವಾಗಿದೆ. ಬಯಲಿನ ಹುಲ್ಲಿಗೆ ತಾತ್ಸಾರ ಭಾರವಾಗಿದೆ. ವಿಶ್ವಸಂಸ್ಥೆಯು 2026ನೇ ವರ್ಷವನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದ್ದು ಭಾಷಣಕಾರರಿಗೆ ಒಳ್ಳೆಯ ವಸ್ತು. ಹಾವೇರಿ ಜಿಲ್ಲೆಯ ಗ್ರಾಮಸಭೆಗಳಲ್ಲಿ ಕುಳಿತುಕೊಳ್ಳುವವರಿಗೆ ಅದಕ್ಕಿಂತ ಹತ್ತಿರದ ದಿನವೊಂದಿದೆ. ಜುಲೈ ಮೊದಲ ವಾರದ ವನಮಹೋತ್ಸವಕ್ಕೆ ಗುಂಡಿ ತೋಡುವುದು ಮೇ ತಿಂಗಳಿನಲ್ಲಿ. ಸರ್ವೆ ನಂಬರ್ ಯಾವುದು, ಅಲ್ಲಿ ಈಗ ಬೆಳೆದಿರುವುದೇನು, ಅದನ್ನು ಮೇಯುವವರು ಯಾರು ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆಸದೆ ಮೊದಲ ಗುಂಡಿಗೆ ಒಪ್ಪಿಗೆ ಕೊಡಬಾರದು.