ಫಂಕ್ಷನ್ ಥರ ಕಾಣೋ ಮ್ಯಾಕ್ರೊ, ಫಂಕ್ಷನ್ ಅಲ್ಲ | ಸ್ಯಾಸ್ ಸರಣಿ, ಭಾಗ 6

ಎರರ್ ಕೊಡೋ ಕೋಡ್‌ಗೆ ಹೆದರಬೇಡಿ ಫ್ರೆಂಡ್ಸ್. ಎರರ್ ಕೊಡದೇ ತಪ್ಪು ಲೆಕ್ಕ ಕೊಡುತ್ತಲ್ಲ, ಅದಕ್ಕೆ ಹೆದರಿ. 🙃

"ಮ್ಯಾಕ್ರೊ ಎಲ್ಲಾ ಕಂಪ್ಯೂಟರ್ ಸೈನ್ಸ್‌ನವರಿಗೆ, ನಮಗ್ಯಾಕೆ" ಅಂತೀರಾ? ಲೆಕ್ಕ ತಪ್ಪಿದ್ರೆ ಉತ್ತರ ಕೊಡಬೇಕಾದವರು ಕಾಮರ್ಸ್‌ನವರೇ. ಅದಕ್ಕೇ ಈ ಭಾಗ ನಮಗೇ ಜಾಸ್ತಿ ಬೇಕು ಅಂತ ನನ್ನ ವಾದ.

ಎಕ್ಸೆಲ್ ಫಂಕ್ಷನ್‌ಗೆ ಸಂಖ್ಯೆ ಕೊಟ್ಟರೆ ಅದು ಲೆಕ್ಕ ಮಾಡಿ ಉತ್ತರ ಕೊಡುತ್ತೆ. ಸ್ಯಾಸ್ ಮ್ಯಾಕ್ರೊ ಹಾಗಲ್ಲ. ನೀವು ಕೊಟ್ಟ ಅಕ್ಷರಗಳನ್ನ ಹಾಗೇ ತಂದು ಕೋಡ್ ಒಳಗೆ ಅಂಟಿಸುತ್ತೆ, ಅಷ್ಟೇ. ಲೆಕ್ಕ ನಡೆಯೋದು ಆಮೇಲೆ.

ಜಿಎಸ್‌ಟಿ ಉದಾಹರಣೆ ನೋಡಿ (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ):

%ಮ್ಯಾಕ್ರೊ ಜಿಎಸ್‌ಟಿ(ಮೊತ್ತ); &ಮೊತ್ತ*0.18 %ಮೆಂಡ್;

1000 ಕೊಟ್ಟರೆ 180. ಸರಿ. ಈಗ 1000+500 ಕೊಡಿ. ಬರಬೇಕಾದ್ದು 270. ಬರೋದು 1090! ಯಾಕಂದ್ರೆ ಅಂಟಿಸಿದ್ದು 1000+500*0.18. ಗುಣಾಕಾರ ಮೊದಲು, ಸಂಕಲನ ಆಮೇಲೆ. ಲಾಗ್‌ನಲ್ಲಿ ಒಂದು ಕೆಂಪು ಸಾಲೂ ಇರಲ್ಲ.

ಒಳಗೆ (&ಮೊತ್ತ) ಅಂತ ಬ್ರಾಕೆಟ್ ಹಾಕಿದ್ರೆ ಸಾಕಾ? ಸಾಲಲ್ಲ. ತೆರಿಗೆ ಸೇರಿಸಿದ ಬಿಲ್‌ಗೆ ಇನ್ನೊಂದು ಮ್ಯಾಕ್ರೊ ಇದೆ ಅಂದ್ಕೊಳ್ಳಿ: (&ಮೊತ್ತ)+(&ಮೊತ್ತ)*0.18. ನೂರು ರೂಪಾಯಿಯ 3 ಪೆಟ್ಟಿಗೆ ಅಂತ 3*%ಬಿಲ್(100) ಬರೆದ್ರೆ 318 ಬರುತ್ತೆ. ನಿಜವಾದ ಉತ್ತರ 354. ಇಡೀ ಲೆಕ್ಕಕ್ಕೂ ಹೊರಗಿಂದ ಒಂದು ಬ್ರಾಕೆಟ್ ಬೇಕೇ ಬೇಕು.

ಇನ್ನು ಮೂರು ಮಾತು ನೆನಪಿಡಿ 👇

1. ಕೊನೆಯ ಲೆಕ್ಕದ ಸಾಲಿಗೆ ಸೆಮಿಕೋಲನ್ ಹಾಕಬೇಡಿ. ಹಾಕಿದ್ರೆ ಅದೂ ಅಂಟುತ್ತೆ, ವಾಕ್ಯ ಅರ್ಧಕ್ಕೇ ಕಟ್ ಆಗುತ್ತೆ. ಒಳಗೆ ಡೇಟಾ ಸ್ಟೆಪ್, ಪ್ರಾಕ್, ರನ್ ಕೂಡ ಇರಬಾರದು.

2. ಒಳಗಿನ ವೇರಿಯೇಬಲ್‌ಗಳನ್ನೆಲ್ಲ %ಲೋಕಲ್ ಮಾಡಿ. ಇಲ್ಲಾಂದ್ರೆ ಕರೆದವರ ಲೂಪ್‌ನಲ್ಲಿರೋ 'ಐ'ಯನ್ನ ನಿಮ್ಮ 'ಐ' ಬದಲಾಯಿಸಿಬಿಡುತ್ತೆ. ಆಗ ಲೂಪ್ ಮುಗಿಯದೇ ಇರಬಹುದು, ಮಧ್ಯದಲ್ಲೇ ಹಾರಿಯೂ ಹೋಗಬಹುದು.

3. %ಇವಾಲ್‌ಗೆ ಪೂರ್ಣಾಂಕ ಮಾತ್ರ ಗೊತ್ತು. 5/2 ಕೊಟ್ಟರೆ 2 ಅನ್ನುತ್ತೆ. ಪೈಸೆ ಲೆಕ್ಕಕ್ಕೆ %ಸಿಸ್‌ಇವಾಲ್‌ಎಫ್ ಬಳಸಿ.

ಈಗ ನನ್ನ ಅಭಿಪ್ರಾಯ. ಬರೀ ಲೆಕ್ಕಕ್ಕೆ ಮ್ಯಾಕ್ರೊ ಬರೆಯಲೇಬೇಡಿ. ಅದಕ್ಕೆ ಪ್ರಾಕ್ ಎಫ್‌ಸಿಎಂಪಿ ಇದೆ. ಅಲ್ಲಿ ಬರೆದದ್ದು ನಿಜವಾದ ಫಂಕ್ಷನ್, 9.2 ಆವೃತ್ತಿಯಿಂದ ಡೇಟಾ ಸ್ಟೆಪ್ ಒಳಗೇ ಕರೆಯಬಹುದು. ಅದಕ್ಕೆ ಹೋಗೋದು ಅಕ್ಷರ ಅಲ್ಲ, ಬೆಲೆ. ಬ್ರಾಕೆಟ್ ತಲೆನೋವೇ ಇಲ್ಲ.

ಹಾಗಾದ್ರೆ ಫಂಕ್ಷನ್ ಥರದ ಮ್ಯಾಕ್ರೊ ದಂಡವಾ? ಖಂಡಿತ ಅಲ್ಲ. ಅಕ್ಷರವೇ ಬೇಕಾದ ಕಡೆ ಅದಕ್ಕೆ ಸಾಟಿ ಇಲ್ಲ. ಒಂದು ಡೇಟಾಸೆಟ್‌ನ ಎಲ್ಲಾ ಕಾಲಂಗಳ ಹೆಸರನ್ನ ತಂದು ಪ್ರಾಕ್‌ನ ಒಂದು ವಾಕ್ಯದ ಮಧ್ಯೆ ಇಡಬೇಕು ಅಂದ್ಕೊಳ್ಳಿ. %ಸಿಸ್‌ಫಂಕ್ ಮೂಲಕ ಡೇಟಾಸೆಟ್ ತೆರೆದು, ಹೆಸರು ಓದಿ, ಮರೀದೇ ಮುಚ್ಚಿ, ಪಟ್ಟಿ ವಾಪಸ್ ಕೊಡೋ ಮ್ಯಾಕ್ರೊ ಬರೀಬಹುದು. ಡೇಟಾ ಸ್ಟೆಪ್‌ನ ಫಂಕ್ಷನ್ ಕೈಲಿ ಆ ಕೆಲಸ ಆಗಲ್ಲ.

"ಎಐ ಬರೆದುಕೊಡುತ್ತೆ ಬಿಡು" ಅನ್ನೋರಿಗೆ: ಬರೆದುಕೊಡಲಿ. ರಿಪೋರ್ಟ್ ಕೆಳಗೆ ಸಹಿ ಯಾರದು? 270ರ ಜಾಗದಲ್ಲಿ 1090 ಕೂತಿದ್ರೆ ಗುರುತಿಸೋ ಕಣ್ಣು ನಿಮಗಿರಬೇಕು. ವೋಚರ್ ನೋಡದೇ ಲೆಡ್ಜರ್ ಒಪ್ಪಲ್ಲ ತಾನೇ? ಇದೂ ಹಾಗೇ.

ಪರೀಕ್ಷೆ ಒಂದೇ ಸಾಲು: %ಪುಟ್ %ಜಿಎಸ್‌ಟಿ(1000+500), ಮ್ಯಾಕ್ರೊ ಏನು ಅಂಟಿಸುತ್ತೆ ಅಂತ ಲಾಗ್‌ನಲ್ಲಿ ಹಾಗೇ ಕಾಣುತ್ತೆ. ಬೇರೆಯವರ ಮ್ಯಾಕ್ರೊ ಕಾಪಿ ಮಾಡೋ ಮುಂಚೆ ಇದನ್ನ ಓಡಿಸಿ. ಸ್ಯಾಸ್ ಆನ್‌ಡಿಮ್ಯಾಂಡ್ ಫಾರ್ ಅಕಾಡೆಮಿಕ್ಸ್ ಉಚಿತ, ಬ್ರೌಸರ್ ಇದ್ರೆ ಸಾಕು.

ಬಿಲ್ ಮ್ಯಾಕ್ರೊಗೆ ಬ್ರಾಕೆಟ್ ಎಲ್ಲೆಲ್ಲಿ ಹಾಕ್ತೀರಾ? ಕಾಮೆಂಟ್‌ನಲ್ಲಿ ಬರೀರಿ. ಸೇವ್ ಮಾಡ್ಕೊಳ್ಳಿ, ಇಂಟರ್ನ್‌ಶಿಪ್‌ಗೆ ಹೊರಟಿರೋ ಫ್ರೆಂಡ್‌ಗೆ ಕಳಿಸಿ. 📌

#ಕನ್ನಡದಲ್ಲಿಕೋಡಿಂಗ್ #ಬಿಕಾಂ #ಸ್ಯಾಸ್‌ಸರಣಿ